ಸಾವಿ-ನವಣಿ ಮತ್ತು ನಮ್ಮ ಹೆಣ್ಣುಮಕ್ಕಳು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಹಿಳಾ ಸ್ವಸಹಾಯ ಗುಂಪಿನ ಪರವಾಗಿ ಮಾಡಿದ ಭಾಷಣ)



ಸೊಸೈಟಿಗೆ ಇಪ್ಪತ್ತೈದು ವರ್ಷ ತುಂಬಿದ ಈ ದಿವಸ ನಮಗೂ ನಾಲ್ಕು ಮಾತು ಆಡಲು ಅವಕಾಶ ಕೊಟ್ಟಿದ್ದೀರಿ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ಕಥೆ ನಿಮಗೆಲ್ಲ ಗೊತ್ತು, ಹಿರಿಯರು ಈಗಾಗಲೇ ಹೇಳಿದ್ದಾರೆ. ನಾವು ಸಾವಿ-ನವಣಿಯ ಮಾತು ಹೇಳುತ್ತೇವೆ.

ನಮ್ಮ ಅತ್ತಿಯವರ ಕಾಲಕ್ಕೆ ಸಾವಿ ಅನ್ನ, ನವಣಿ ಹುಗ್ಗಿ ಮನೆಮನೆಯ ಊಟ. ಆಮೇಲೆ ಹೊಲಕ್ಕೆ ಗೋವಿನಜೋಳ, ಸೋಯಾ ಬಂದವು, ಮನೆಗೆ ರೇಶನ್ ಅಕ್ಕಿ ಬಂತು. ಹೆಣ್ಣುಮಕ್ಕಳೂ ಬ್ಯಾಡ ಅನ್ನಲಿಲ್ಲ. ಯಾಕಂದ್ರ, ಸಾವಿ ಕುಟ್ಟಿದವರಿಗೇ ಗೊತ್ತು ಸಾವಿಯ ಸುಖ! ಬೀಸಬೇಕು, ಕುಟ್ಟಬೇಕು, ಕೇರಬೇಕು, ಹಳ್ಳು ಆರಿಸಬೇಕು, ಮತ್ತೆ ಕುಟ್ಟಬೇಕು. ರಟ್ಟೆ ಬಿದ್ದು ಹೋಗುತ್ತಿದ್ದವು. ಆದರೆ 100 ಗ್ರಾಂ ನವಣಿಯಲ್ಲಿ ಸುಮಾರು 12 ಗ್ರಾಂ ಪ್ರೋಟೀನು ಇದ್ದರೆ, ನೆಲ್ಲಕ್ಕಿಯಲ್ಲಿ ಇರುವುದು 7ರ ಆಸುಪಾಸು. ನಾರಿನಂಶವೂ ನವಣಿಯಲ್ಲೇ ಹೆಚ್ಚು. ಬಸುರಿ-ಬಾಣಂತಿಯರ, ಮಕ್ಕಳ ತಾಟಿನಿಂದ ನಾವು ಏನು ತೆಗೆದೆವು ಎಂಬುದು ನಮಗೆ ತಡವಾಗಿ ತಿಳಿಯಿತು.

ಎರಡು ವರ್ಷದ ಹಿಂದೆ ನಮ್ಮ ಗುಂಪಿನವರು ಸಾವಿ ಬಿತ್ತಿದೆವು. ಮಳೆ ಕಮ್ಮಿ ಇದ್ದರೂ ಪೀಕು ಚಲೋ ಬಂತು. ಸಿಪ್ಪೆ ತೆಗೆಸಲು ಹತ್ತಿರ ಎಲ್ಲಿಯೂ ಯಂತ್ರವಿಲ್ಲ. ಕಡೆಗೆ ಸಿಪ್ಪೆ ಸಮೇತ ವ್ಯಾಪಾರಿಯೊಬ್ಬರಿಗೆ ಕೊಟ್ಟೆವು, ಅವರು ಹೇಳಿದ್ದೇ ದರ. ಮುಂದೆ ಹುಬ್ಬಳ್ಳಿಯ ಅಂಗಡಿಯಲ್ಲಿ ಸಾವಿ ಅಕ್ಕಿಯ ರೇಟು ಕೇಳಿ, ಬೆಳೆದ ನಾವೇ ಕೊಳ್ಳದೆ ತಿರುಗಿ ಬಂದೆವು.

ಆಗ ನಮ್ಮದೇ ಕುಂದಗೋಳ ತಾಲೂಕಿನ ತೀರ್ಥ ಗ್ರಾಮಕ್ಕೆ ಹೋಗಿ ನೋಡಿದೆವು. ಅಲ್ಲಿಯ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು 2018ರಲ್ಲಿ ಒಂದಾದವರು. ಸಹಜ ಸಮೃದ್ಧ ಸಂಸ್ಥೆಯ ಆಸರೆಯಿಂದ ಸಿರಿಧಾನ್ಯದ ಬೀಜ ಬ್ಯಾಂಕು ಕಟ್ಟಿದರು. ಸೆಲ್ಕೋ ಫೌಂಡೇಶನ್ ನೆರವಿನಿಂದ ಬಿಸಿಲಿನ ಕರೆಂಟಿನ ಮೇಲೆ ನಡೆಯುವ ಸಂಸ್ಕರಣಾ ಘಟಕ ಹಾಕಿದರು. ಕುಟ್ಟುವ ಕೆಲಸ ಯಂತ್ರಕ್ಕೆ ಹೋಯಿತು, ಮಾರುವ ಕೆಲಸ ಹೆಣ್ಣುಮಕ್ಕಳ ಕೈಗೆ ಬಂತು. 2025ರಲ್ಲಿ ಈ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು, 10,000 ಡಾಲರ್ ಬಹುಮಾನದ ಸಮೇತ. ಜಗತ್ತಿಗೆ ಕಂಡದ್ದು ಪಕ್ಕದ ಊರಿನವರಾದ ನಮಗೆ ಕಂಡಿರಲಿಲ್ಲ, ನೋಡ್ರಿ!

ಈಗ ನಮ್ಮ ಬೇಡಿಕೆ. ನಮ್ಮಲ್ಲಿ ಬಹಳ ಜನರ ಹೆಸರಿಗೆ ಉತಾರ ಇಲ್ಲ. ಉತಾರ ಇಲ್ಲದ್ದಕ್ಕೆ ಬೆಳೆಸಾಲವೂ ಇಲ್ಲ. ಕಳೆ ತೆಗೆಯುವವರು ನಾವು, ಪಾವತಿಗೆ ಸಹಿ ಮಾಡುವವರು ಗಂಡಸರು. ಉತಾರ ಹೆಸರಿಗೆ ಮಾಡಿಸಿಕೊಡ್ರಿ ಅಂತ ಸೊಸೈಟಿಗೆ ಕೇಳಿದರೆ ಅದು ಸೊಸೈಟಿಯ ಕೈಯಲ್ಲಿಲ್ಲ. ಅದು ನಮ್ಮ ನಮ್ಮ ಮನೆಯ ಜಗಳ, ನಾವು ನೋಡಿಕೊಳ್ಳುತ್ತೇವೆ. ಆದರೆ ಗೋದಾಮಿನ ಹಿಂದಿನ ಕೋಣೆ ಸೊಸೈಟಿಯದು. ಯಂತ್ರಕ್ಕೆ ಗುಂಪಿನ ಉಳಿತಾಯದ ಹಣ ಸ್ವಲ್ಪ ಇದೆ, ಉಳಿದದ್ದಕ್ಕೆ ಗುಂಪಿನ ಹೆಸರಿಗೆ ಸಾಲ ಕೊಡ್ರಿ. ಸಿಪ್ಪೆ ತೆಗೆಯುವ ಕೂಲಿಯಿಂದ ಕಂತೂ ತುಂಬುತ್ತೇವೆ, ಕೋಣೆಯ ಬಾಡಿಗೆಯೂ ಕೊಡುತ್ತೇವೆ.

ಆ ಕೋಣೆಯಲ್ಲಿ ಈಗ ಇರುವುದು ಹರಕು ಗೊಬ್ಬರದ ಚೀಲಗಳು. ಅವನ್ನು ನಾವೇ ತೆಗೆದು ಸ್ವಚ್ಛ ಮಾಡಿಕೊಳ್ಳುತ್ತೇವೆ, ಕೀಲಿಕೈ ಕೊಟ್ಟರೆ ಸಾಕು.

ಇವತ್ತಿನ ಊಟಕ್ಕೆ ನವಣಿ ಹುಗ್ಗಿ ಮಾಡೇವಿ, ಒರಳಿನಾಗ ಕುಟ್ಟಿದ್ದು. ಎಲ್ಲಾರೂ ಉಂಡು ಹೋಗ್ರಿ.