ದೀಪ ಆರಿತ್ತು, ವಾಲ್ವ್ ಮುಚ್ಚಿರಲಿಲ್ಲ

ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಪರಮಾಣು ಸ್ಥಾವರದ ವಾಲ್ವ್ ಬಗ್ಗೆ ಕೇಳೋಕೆ ಬಂದಿದ್ದೀರಿ, ಅದಕ್ಕೇ ದೊಡ್ಡ ಥ್ಯಾಂಕ್ಸ್. ಮೊದಲೇ ಹೇಳಿಬಿಡ್ತೀನಿ, ನಾನು ಅಣುವಿಜ್ಞಾನಿ ಅಲ್ಲ. ಸಾಫ್ಟ್‌ವೇರ್ ಇಂಜಿನಿಯರ್. ಈ ವಿಷಯಕ್ಕೆ ನಾನು ಬಂದಿದ್ದು ನನ್ನದೇ ಒಂದು ತಪ್ಪಿನಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಎಂಟೆಕ್ ಮುಗಿಸಿ ಪುಣೆಗೆ ಬಂದ ಹೊಸತು. ಮೊದಲ ಕೆಲಸ, ಕಾರ್ಖಾನೆಗಳ ಕಂಟ್ರೋಲ್ ರೂಮಿಗೆ ಸ್ಕ್ರೀನ್ ಬರೆಯೋದು. ಸ್ಕ್ರೀನ್ ಮೇಲೆ ಪೈಪು, ಪಂಪು, ವಾಲ್ವಿನ ಚಿತ್ರ ಇರುತ್ತೆ. ಆಪರೇಟರ್ 'ಮುಚ್ಚು' ಅಂತ ಒತ್ತಿದ ಕೂಡಲೇ ನನ್ನ ಪ್ರೋಗ್ರಾಂ ವಾಲ್ವಿಗೆ ಆದೇಶ ಕಳಿಸಿ, ಚಿತ್ರವನ್ನು ಹಸಿರು ಮಾಡುತ್ತಿತ್ತು. ಹಸಿರು ಅಂದ್ರೆ ಮುಚ್ಚಿದೆ ಅಂತ. ನೋಡೋಕೆ ಚೆನ್ನಾಗಿತ್ತು, ಡೆಮೋದಲ್ಲಿ ಎಲ್ಲರೂ ತಲೆ ಆಡಿಸಿದರು. ಕಾರ್ಖಾನೆಯಲ್ಲಿ ಟ್ರಯಲ್ ದಿನ ಒಂದು ಬಿಸಿನೀರಿನ ವಾಲ್ವ್ ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. ಸ್ಕ್ರೀನ್ ಹಸಿರು. ನೀರು ಹರಿದು ಹೋಗ್ತಾನೇ ಇದೆ. ಅಲ್ಲಿದ್ದ ಹಿರಿಯ ಆಪರೇಟರ್ ಒಬ್ಬರು, ನಾವೆಲ್ಲ ಕಾಕಾ ಅಂತಿದ್ದೆವು, ಸ್ಕ್ರೀನ್ ಕಡೆ ನೋಡಲೇ ಇಲ್ಲ. ಕೆಳಗೆ ಹೋಗಿ ಪೈಪಿನ ಹತ್ತಿರ ಅಂಗೈ ಹಿಡಿದರು, ಶಾಖ ಹೊಡೀತಿತ್ತು. ವಾಪಸ್ ಬಂದು ಮರಾಠಿಯಲ್ಲಿ ಅಂದರು: "ತುಝಾ ಹಿರವಾ ರಂಗ ಖೋಟಾ ಆಹೇ." ನಿನ್ನ ಹಸಿರು ಬಣ್ಣ ಸುಳ್ಳು ಕಣೋ ಅಂತ.

ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಇಂಥ ತಪ್ಪು ಬೇರೆ ಯಾರು ಮಾಡಿದ್ದಾರೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಥ್ರೀ ಮೈಲ್ ಐಲೆಂಡ್.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ, ಸಸ್ಕ್ವಿಹಾನಾ ನದಿಯ ಮಧ್ಯದ ಒಂದು ದ್ವೀಪ. 1979ರ ಮಾರ್ಚ್ 28, ಬೆಳಗಿನ ಜಾವ 4 ಗಂಟೆ. ಎರಡನೇ ಘಟಕದಲ್ಲಿ ಸ್ಟೀಮ್ ಜನರೇಟರಿಗೆ ನೀರು ಕೊಡೋ ಪಂಪುಗಳು ನಿಂತವು. ರಿಯಾಕ್ಟರಿನ ಶಾಖ ಹೋಗೋಕೆ ದಾರಿ ಇಲ್ಲದೆ ಒಳಗಿನ ಒತ್ತಡ ಏರಿತು. ಏರಿದಾಗ ಏನಾಗಬೇಕೋ ಅದೇ ಆಯ್ತು, ಮೇಲಿದ್ದ ರಿಲೀಫ್ ವಾಲ್ವ್ ತೆರೆದುಕೊಂಡಿತು.

ಮನೆ ಕುಕ್ಕರ್ ನೆನಪಿಸಿಕೊಳ್ಳಿ. ವಿಷಲ್ ಹೊಡೆಯೋ ವೆಯ್ಟ್ ಒಂದು, ಅದು ಕಟ್ಟಿಕೊಂಡರೆ ಕರಗಿ ದಾರಿ ಬಿಡೋ ಸೇಫ್ಟಿ ವಾಲ್ವ್ ಇನ್ನೊಂದು. ರಿಯಾಕ್ಟರಲ್ಲೂ ಹೆಚ್ಚುಕಡಿಮೆ ಹಾಗೇ. ಮೊದಲು ತೆರೆಯೋದು ವಿದ್ಯುತ್ತಿನಿಂದ ನಡೆಯೋ ರಿಲೀಫ್ ವಾಲ್ವ್. ಅದಕ್ಕೂ ಮೇಲಿನ ಒತ್ತಡಕ್ಕೆ ಸ್ಪ್ರಿಂಗಿನ ಸೇಫ್ಟಿ ವಾಲ್ವ್. ಅಲ್ಲಿನ ರಿಲೀಫ್ ವಾಲ್ವ್ ತೆರೆಯುತ್ತಿದ್ದುದು 2255 ಪಿಎಸ್ಐಗೆ, ಅಂದ್ರೆ ನಿಮ್ಮ ಕುಕ್ಕರಿನ ಒತ್ತಡದ ಸುಮಾರು 150 ಪಟ್ಟು. ಸ್ವಲ್ಪ ಇಳಿದ ಮೇಲೆ ತಾನೇ ಮುಚ್ಚಿಕೊಳ್ಳಬೇಕು. ಮುಚ್ಚಲಿಲ್ಲ.

ಆದರೆ ಕಂಟ್ರೋಲ್ ರೂಮಲ್ಲಿ ದೀಪ ಆರಿತ್ತು. ಆ ದೀಪ ವಾಲ್ವಿಗೆ ಕಟ್ಟಿದ್ದಲ್ಲ, ವಾಲ್ವನ್ನು ನಡೆಸೋ ಸೊಲೆನಾಯ್ಡ್‌ಗೆ, ಆ ವಿದ್ಯುತ್ ಸುರುಳಿಗೆ ಕಟ್ಟಿದ್ದು. ಸುರುಳಿಗೆ ಕರೆಂಟ್ ಇದ್ದರೆ ದೀಪ ಉರಿಯುತ್ತೆ, ಕರೆಂಟ್ ಹೋದರೆ ಆರುತ್ತೆ. ವಾಲ್ವ್ ಒಳಗೆ ನಿಜವಾಗಿ ಕೂತಿದೆಯೋ ಇಲ್ಲವೋ ದೀಪಕ್ಕೆ ಗೊತ್ತೇ ಇಲ್ಲ. ನನ್ನ ಹಸಿರು ಬಣ್ಣವೇ. ಇದರಲ್ಲಿ ನನಗೆ ತುಂಬಾ ಕಾಡಿದ್ದು ಏನಂದ್ರೆ, ಆ ದೀಪವನ್ನು ಹಾಕಿದ್ದೂ ಸುಧಾರಣೆ ಅಂತಲೇ. ಹಿಂದಿನ ವರ್ಷ ಅದೇ ಘಟಕದಲ್ಲಿ ಅದೇ ವಾಲ್ವ್ ತೆರೆದುಕೊಂಡಾಗ ಯಾರಿಗೂ ತಿಳಿಯಲಿಲ್ಲ ಅಂತ ಆಮೇಲೆ ಸೇರಿಸಿದ್ದು.

ಪೈಪಿನ ಬಿಸಿ ತೋರಿಸೋ ಥರ್ಮಾಮೀಟರ್ ಇತ್ತು, ಕಾಕಾನ ಅಂಗೈ ಇದ್ದ ಹಾಗೆ. ಅದು ಜಾಸ್ತಿನೇ ತೋರಿಸಿತು. ಆದರೆ ಆ ವಾಲ್ವ್ ವಾರಗಟ್ಟಲೆಯಿಂದ ಸ್ವಲ್ಪ ಸೋರುತ್ತಿತ್ತು, ಪೈಪ್ ಯಾವಾಗಲೂ ಬಿಸಿ. 'ಅದು ಹಾಗೇ ಬಿಡಿ' ಅನ್ನೋದು ಅಭ್ಯಾಸ ಆಗಿಹೋಗಿತ್ತು. ಅಷ್ಟರಲ್ಲಿ ಪ್ರೆಶರೈಸರ್ ಅನ್ನೋ ಟ್ಯಾಂಕಲ್ಲಿ ನೀರಿನ ಮಟ್ಟ ಏರ್ತಾ ಇದ್ದಂತೆ ಕಂಡಿತು. ನೀರು ಹೆಚ್ಚಾಯ್ತು ಅಂದುಕೊಂಡು ಆಪರೇಟರ್‌ಗಳು ತುರ್ತು ನೀರನ್ನೇ ತಗ್ಗಿಸಿದರು. ನಿಜದಲ್ಲಿ ರಿಯಾಕ್ಟರ್ ಒಣಗ್ತಾ ಇತ್ತು. ಪಾಳಿ ಬದಲಾಗುವ ಹೊತ್ತಿಗೆ ಬಂದ ಒಬ್ಬರಿಗೆ ಅನುಮಾನ ಬಂದು, ಆ ವಾಲ್ವಿನ ಸಾಲಿನಲ್ಲೇ ಇದ್ದ ಬ್ಲಾಕ್ ವಾಲ್ವ್ ಮುಚ್ಚಿಸಿದಾಗ 6 ಗಂಟೆ 22 ನಿಮಿಷ. ಎರಡು ಗಂಟೆಗೂ ಹೆಚ್ಚು. ಅದರ ಪರಿಣಾಮವಾಗಿ ಇಂಧನದ ಸುಮಾರು ಅರ್ಧ ಭಾಗ ಕರಗಿತು.

ಈಗ ನಿಯಂತ್ರಕರ ವಿಷಯಕ್ಕೆ ಬರ್ತೀನಿ, ಇವತ್ತಿನ ಮುಖ್ಯ ಮಾತು ಅದೇ. ವಾಲ್ವ್ ಕೆಡೋದು ಸಹಜ. ಸ್ಪ್ರಿಂಗ್ ಸಡಿಲ ಆಗುತ್ತೆ, ಸೀಟು ಸವೆಯುತ್ತೆ, ತುಕ್ಕು ಹಿಡಿಯುತ್ತೆ. ಕೆಡುತ್ತೆ ಅಂತ ಗೊತ್ತಿದ್ದವರು ಏನು ಮಾಡಿದರು ಅನ್ನೋದು ಪ್ರಶ್ನೆ. ಇದೇ ಬಗೆಯ ವಾಲ್ವ್ ಅದಕ್ಕೂ ಮೊದಲು 11 ಸಲ ಕೈಕೊಟ್ಟಿತ್ತು, ಅದರಲ್ಲಿ 9 ಸಲ ತೆರೆದೇ ಉಳಿದಿತ್ತು. 1977ರ ಸೆಪ್ಟೆಂಬರ್ 24ರಂದು ಓಹಾಯೋದ ಡೇವಿಸ್-ಬೆಸ್ಸಿಯಲ್ಲಿ ಹೆಚ್ಚುಕಡಿಮೆ ಇದೇ ನಾಟಕ ಪೂರ್ತಿ ನಡೆದಿತ್ತು. ಅದೇ ಕಂಪನಿಯ ವಿನ್ಯಾಸ, ವಾಲ್ವ್ ತೆರೆದೇ ಉಳೀತು, ಆಪರೇಟರ್‌ಗಳು ಇದೇ ಥರ ನೀರು ತಗ್ಗಿಸಿದರು. ಅಲ್ಲಿ ರಿಯಾಕ್ಟರ್ ಬರೀ 9 ಶೇಕಡಾ ಶಕ್ತಿಯಲ್ಲಿ ಓಡ್ತಿತ್ತು, ಸುಮಾರು 20 ನಿಮಿಷಕ್ಕೆ ಯಾರೋ ಗುರುತಿಸಿದರು, ಬಚಾವ್.

ವಿನ್ಯಾಸ ಮಾಡಿದ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಂಪನಿಯ ಇಂಜಿನಿಯರ್ ಬರ್ಟ್ ಡನ್ 1978ರ ಫೆಬ್ರವರಿಯಲ್ಲೇ ಆಫೀಸಿಗೆ ಬರೆದರು: ಆಪರೇಟರ್‌ಗಳಿಗೆ ಸ್ಪಷ್ಟ ಸೂಚನೆ ಕೊಡಿ, ಇಷ್ಟು ಬೇಗ ನೀರು ತಗ್ಗಿಸೋದು ಅಪಾಯ ಅಂತ. ಆ ಸೂಚನೆ ಥ್ರೀ ಮೈಲ್ ಐಲೆಂಡಿಗೆ ತಲುಪಲೇ ಇಲ್ಲ. ಅಲ್ಲಿನ ನಿಯಂತ್ರಣ ಸಂಸ್ಥೆ ಎನ್‌ಆರ್‌ಸಿಯ ತನಿಖಾಧಿಕಾರಿ ಜೇಮ್ಸ್ ಕ್ರೆಸ್‌ವೆಲ್ ಅವರಿಗೂ ಡೇವಿಸ್-ಬೆಸ್ಸಿ ನೋಡಿ ತಲೆಕೆಟ್ಟಿತ್ತು. ವರ್ಷಕ್ಕೂ ಹೆಚ್ಚು ಕಾಲ ಮೇಲಿನವರಿಗೆ ಹೇಳ್ತಾನೇ ಬಂದರು. ಕೊನೆಗೆ ತಾವೇ ಹೋಗಿ ಇಬ್ಬರು ಕಮಿಷನರ್‌ಗಳನ್ನು ಕಂಡರು, 1979ರ ಮಾರ್ಚ್ 22ರಂದು. ಅಪಘಾತಕ್ಕೆ ಆರು ದಿನ ಮೊದಲು! ಆಫೀಸಿನಲ್ಲಿ ಟಿಕೆಟ್ ಹಾಕಿ, ರಿಮೈಂಡರ್ ಹಾಕಿ, 'ಲೋ ಪ್ರಯಾರಿಟಿ' ಅಂತ ವಾಪಸ್ ಬಂದ ಅನುಭವ ಇಲ್ಲಿ ಎಷ್ಟು ಜನಕ್ಕಿದೆ ಗೊತ್ತಿಲ್ಲ, ನನಗಂತೂ ಇದೆ.

ಇನ್ನೊಂದು ಸಂಗತಿ ಇದೆ. ಆ ರಿಲೀಫ್ ವಾಲ್ವ್ ನಿಯಮದ ಪ್ರಕಾರ ಸುರಕ್ಷತಾ ದರ್ಜೆಯ ಉಪಕರಣವೇ ಆಗಿರಲಿಲ್ಲ. ಅದರ ಮೇಲೆ ಸ್ಪ್ರಿಂಗಿನ ಸೇಫ್ಟಿ ವಾಲ್ವ್ ಇದೆ, ಕೆಟ್ಟರೆ ಮುಚ್ಚೋಕೆ ಬ್ಲಾಕ್ ವಾಲ್ವ್ ಇದೆ, ಇದರ ಬಗ್ಗೆ ಇಷ್ಟೊಂದು ಕಟ್ಟುನಿಟ್ಟು ಯಾಕೆ ಅನ್ನೋ ಲೆಕ್ಕ. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಬ್ಲಾಕ್ ವಾಲ್ವ್ ಮುಚ್ಚಬೇಕು ಅಂತ ಯಾರಿಗಾದರೂ ಮೊದಲು ಗೊತ್ತಾಗಬೇಕಲ್ಲ. ಗೊತ್ತಾಗಬೇಕಾದ್ದು ಆ ದೀಪದಿಂದ.

ತನಿಖೆಗೆ ಅಧ್ಯಕ್ಷ ಕಾರ್ಟರ್ ನೇಮಿಸಿದ್ದು ಜಾನ್ ಕೆಮೆನಿ ಅವರನ್ನ. ನಮ್ಮ ಕಸುಬಿನವರಿಗೆ ಈ ಹೆಸರು ಗೊತ್ತಿರಬೇಕು, 1964ರಲ್ಲಿ ಥಾಮಸ್ ಕರ್ಟ್ಸ್ ಜೊತೆ ಬೇಸಿಕ್ ಭಾಷೆ ಕಟ್ಟಿದ ಗಣಿತಜ್ಞ ಅವರೇ. ಶಾಲೆಯಲ್ಲಿ ನಾನು ಬರೆದ ಮೊದಲ ಪ್ರೋಗ್ರಾಂ ಬೇಸಿಕ್‌ನಲ್ಲಿ, ಹೆಸರು ಕೇಳಿ ಹತ್ತರ ತನಕ ಎಣಿಸೋದು. ಅವರ ಸಮಿತಿಯ ವರದಿ ಅದೇ ವರ್ಷ ಅಕ್ಟೋಬರಿನಲ್ಲಿ ಬಂತು. ಆಪರೇಟರ್‌ಗಳ ತಪ್ಪಿನ ಜೊತೆಗೆ, ಅವರಿಗೆ ತರಬೇತಿ ಕೊಟ್ಟವರು, ಕಂಟ್ರೋಲ್ ರೂಮ್ ಕಟ್ಟಿದವರು, ಎನ್‌ಆರ್‌ಸಿ, ಎಲ್ಲರನ್ನೂ ಅದು ಹೆಸರಿಟ್ಟು ಬೈಯಿತು. ಆಮೇಲೆ ಬಂದ ನಿಯಮಗಳಲ್ಲಿ ನಮ್ಮ ಕಥೆಗೆ ಬೇಕಾದ್ದು ಎರಡು. ವಾಲ್ವಿನ ನಿಜವಾದ ಸ್ಥಿತಿಯನ್ನೇ ತೋರಿಸಬೇಕು, ಆದೇಶವನ್ನಲ್ಲ. ಮತ್ತೆ ರಿಲೀಫ್ ವಾಲ್ವ್, ಸೇಫ್ಟಿ ವಾಲ್ವುಗಳು ನಿಜವಾದ ಹಬೆ, ನೀರಿನ ಹರಿವಿನಲ್ಲಿ ಕೆಲಸ ಮಾಡ್ತವೆ ಅಂತ ಪರೀಕ್ಷೆ ಮಾಡಿ ತೋರಿಸಬೇಕು.

ಹಾಗಾದರೆ ಮುಗೀತಾ? ಇಲ್ಲ. 1985ರ ಜೂನ್ 9, ರಾತ್ರಿ ಒಂದೂವರೆ ದಾಟಿದೆ, ಮತ್ತೆ ಅದೇ ಡೇವಿಸ್-ಬೆಸ್ಸಿ. ನೀರಿನ ಪಂಪು ಹೋಯ್ತು. ಗಡಿಬಿಡಿಯಲ್ಲಿ ಒಬ್ಬ ಆಪರೇಟರ್ ತಪ್ಪು ಗುಂಡಿ ಒತ್ತಿ, ಎರಡು ಸ್ಟೀಮ್ ಜನರೇಟರಿಗೂ ತುರ್ತು ನೀರು ಹೋಗೋ ವಾಲ್ವುಗಳು ಮುಚ್ಚಿಹೋದವು. ಸರಿ, ತೆರೆಯೋಣ ಅಂದ್ರೆ ತೆರೆಯಲಿಲ್ಲ. ಮೋಟಾರು ವಾಲ್ವ್ ಅವು. ಮೋಟಾರು ಸುಟ್ಟುಹೋಗದಿರಲಿ ಅಂತ ಟಾರ್ಕ್ ಸ್ವಿಚ್ ಇರುತ್ತೆ, ಜೋರು ಹೆಚ್ಚಾದರೆ ನಿಲ್ಲಿಸಿಬಿಡುತ್ತೆ. ಮುಚ್ಚಿದ ವಾಲ್ವಿನ ಒಂದು ಕಡೆ ಒತ್ತಡ ಜಾಸ್ತಿ ಇದ್ದಾಗ ಅದನ್ನು ಕದಲಿಸೋಕೇ ಹೆಚ್ಚು ಜೋರು ಬೇಕು, ಆ ಮೊದಲ ಕ್ಷಣಕ್ಕೆ ಸ್ವಿಚ್ಚನ್ನು ಬದಿಗಿಡಬೇಕು. ಆ ಸೆಟ್ಟಿಂಗ್ ಸರಿ ಇರಲಿಲ್ಲ. ಕೊನೆಗೆ ಜನ ಕೆಳಗೆ ಓಡಿಹೋಗಿ ಕೈಯಲ್ಲೇ ತಿರುಗಿಸಿ ತೆರೆದರು. ಅವತ್ತು ಅಲ್ಲಿ ರಿಲೀಫ್ ವಾಲ್ವ್ ಕೂಡ ಮೂರನೇ ಸಲ ತೆರೆದಾಗ ಸರಿಯಾಗಿ ಮುಚ್ಚಲಿಲ್ಲ. ಈ ಸಲ ಆಪರೇಟರ್ ಬ್ಲಾಕ್ ವಾಲ್ವ್ ಮುಚ್ಚಿದರು. ಪಾಠ ಕಲಿತಿದ್ದರು, ಅಷ್ಟು ಹೇಳಬೇಕು.

ಪರೀಕ್ಷೆಯಲ್ಲಿ ಆ ಮೋಟಾರು ವಾಲ್ವುಗಳು ಪಾಸಾಗ್ತಿದ್ದವು. ಯಾಕೆಂದರೆ ಪರೀಕ್ಷೆ ಮಾಡ್ತಿದ್ದುದು ಒತ್ತಡ ಇಲ್ಲದಾಗ. ನಮ್ಮಲ್ಲಿ 'ನನ್ನ ಮೆಷಿನ್‌ನಲ್ಲಿ ಓಡುತ್ತೆ' ಅಂತೀವಲ್ಲ, ಅದು. 1989ರ ಜೂನ್‌ನಲ್ಲಿ ಎನ್‌ಆರ್‌ಸಿ 89-10 ಅಂತ ಒಂದು ಪತ್ರ ಎಲ್ಲ ಸ್ಥಾವರಗಳಿಗೂ ಕಳಿಸಿತು. ಸುರಕ್ಷತೆಗೆ ಬೇಕಾದ ಪ್ರತಿಯೊಂದು ಮೋಟಾರು ವಾಲ್ವನ್ನೂ, ಅಪಘಾತದಲ್ಲಿ ಅದು ಎದುರಿಸಬೇಕಾದ ಒತ್ತಡದಲ್ಲಿ ಕೆಲಸ ಮಾಡುತ್ತಾ ನೋಡಿ, ಸಾಧ್ಯ ಇದ್ದಲ್ಲಿ ಆ ಒತ್ತಡದಲ್ಲೇ ಪರೀಕ್ಷಿಸಿ ಅಂತ. ಪರೀಕ್ಷಿಸಿದಾಗ ಬಯಲಾಗಿದ್ದೇನು? ತಯಾರಕರು ವರ್ಷಗಟ್ಟಲೆ ನಂಬಿದ್ದ ಸೂತ್ರದಲ್ಲಿ ಘರ್ಷಣೆಯ ಅಂಕಿಯೇ ಎಷ್ಟೋ ವಾಲ್ವುಗಳಿಗೆ ಕಡಿಮೆ ಆಗಿತ್ತು. ಒಂದು ಸಲ ಸರಿಮಾಡಿದರೆ ಸಾಲದು, ಕಾಲಕಾಲಕ್ಕೆ ನೋಡ್ತಿರಿ ಅಂತ 1996ರಲ್ಲಿ ಇನ್ನೊಂದು ಪತ್ರ ಬಂತು.

ಸ್ಪ್ರಿಂಗಿನ ಸೇಫ್ಟಿ ವಾಲ್ವಿಗೆ ಬೇರೆ ಪದ್ಧತಿ. ಅಮೆರಿಕದ ಎಎಸ್‌ಎಂಇ ಸಂಹಿತೆಯಲ್ಲಿ ರಿಯಾಕ್ಟರಿನ ಮುಖ್ಯ ಸರ್ಕ್ಯೂಟಿನ ಸೇಫ್ಟಿ ವಾಲ್ವುಗಳನ್ನು ಸಾಮಾನ್ಯವಾಗಿ 5 ವರ್ಷದೊಳಗೆ ಪ್ರತಿಯೊಂದನ್ನೂ ಪರೀಕ್ಷಿಸಬೇಕು, ಒಂದು ಗುಂಪಿನ 20 ಶೇಕಡಾವನ್ನಾದರೂ ಪ್ರತಿ 24 ತಿಂಗಳಲ್ಲಿ. ಒಂದು ಫೇಲ್ ಆದರೆ ಇನ್ನೆರಡನ್ನು ಹೆಚ್ಚಾಗಿ ಪರೀಕ್ಷಿಸಬೇಕು. ಈ ಕೊನೆಯ ಸಾಲು ನನಗೆ ಬಹಳ ಹಿಡಿಸಿತು. ಒಂದರ ಕಾಯಿಲೆ ಅದರ ಜೊತೆಯವಕ್ಕೂ ಇರಬಹುದು ಅಂತ ಮೊದಲೇ ಅನುಮಾನ ಪಡುತ್ತೆ.

ನಮ್ಮ ದೇಶದ ಕಥೆ ಏನು ಅಂತ ಕೇಳ್ತೀರಿ. ನಮ್ಮ ನಿಯಂತ್ರಕರು ಎಇಆರ್‌ಬಿ, 1983ರ ನವೆಂಬರ್ 15ರಂದು ಶುರುವಾದದ್ದು, ಕಚೇರಿ ಮುಂಬೈಯ ಅಣುಶಕ್ತಿನಗರ. 2013ರ ಏಪ್ರಿಲ್‌ನಲ್ಲಿ ಅವರು ತಮಿಳುನಾಡಿನ ಕೂಡಂಕುಳಂ ಬಗ್ಗೆ ಒಂದು ಪ್ರಕಟಣೆ ಕೊಟ್ಟರು. ಮೊದಲ ಘಟಕ ಇನ್ನೂ ಶುರುವಾಗಿರಲಿಲ್ಲ, ಊರಲ್ಲಿ ಚಳವಳಿ ಜೋರಾಗಿತ್ತು. ಪರೀಕ್ಷೆ ವೇಳೆ ಒಂದು ಬಗೆಯ ನಾಲ್ಕು ವಾಲ್ವುಗಳ ಕೆಲಸ ಸಾಲದು ಅಂತ ಕಂಡುಬಂದಿದೆ, ಭಾಗಗಳನ್ನು ಬದಲಿಸಿ ಮತ್ತೆ ಪರೀಕ್ಷಿಸಲು ಹೇಳಿದ್ದೇವೆ ಅಂತ. ರಿಯಾಕ್ಟರ್ ಜುಲೈ 13ಕ್ಕೆ ಚಾಲೂ ಆಯ್ತು. ಕೆಲವರು ಇದನ್ನ ಹಗರಣ ಅಂದರು, ಕೆಲವರು ಏನೂ ಅಲ್ಲ ಅಂದರು. ನನಗನಿಸೋದು, ಕೆಟ್ಟ ವಾಲ್ವ್ ಶುರುವಾಗೋ ಮೊದಲೇ ಸಿಕ್ಕಿದ್ದು ಪರೀಕ್ಷೆ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಆದರೆ ನಾಲ್ಕೂ ಒಂದೇ ಬಗೆಯವು ಅಂದಮೇಲೆ, ದೋಷ ತಯಾರಿಕೆಯದೋ, ಜೋಡಿಸಿದ್ದರದೋ, ಅದೇ ಕಡೆಯಿಂದ ಬಂದ ಬೇರೆ ಭಾಗಗಳನ್ನೂ ನೋಡಿದರಾ? ಪಕ್ಕದ ಹಳ್ಳಿಯವರು ಕೇಳಬೇಕಾದ ಪ್ರಶ್ನೆ ಇದೇ, ಇದಕ್ಕೆ ವಿವರವಾದ ಉತ್ತರ ಅವರಿಗೆ ಅರ್ಥವಾಗೋ ಭಾಷೆಯಲ್ಲಿ ಸಿಗಬೇಕಿತ್ತು. ಅದಕ್ಕೂ ಹಿಂದೆ, 2012ರಲ್ಲಿ ಸಿಎಜಿ ವರದಿ ಎಇಆರ್‌ಬಿಗೆ ಶಾಸನಬದ್ಧ ಸ್ವತಂತ್ರ ಸ್ಥಾನ ಇಲ್ಲ ಅಂತ ಟೀಕಿಸಿತ್ತು. ಕ್ರೆಸ್‌ವೆಲ್ ಕಥೆ ನೆನಪಿಟ್ಟುಕೊಂಡರೆ ಅದು ಯಾಕೆ ಮುಖ್ಯ ಅಂತ ಗೊತ್ತಾಗುತ್ತೆ. ಕಾನೂನಿನ ಸ್ವಾತಂತ್ರ್ಯ ಇದ್ದ ಎನ್‌ಆರ್‌ಸಿಯಲ್ಲೇ ಒಬ್ಬ ತನಿಖಾಧಿಕಾರಿಯ ಮಾತು ಮೇಲೆ ಹೋಗೋಕೆ ವರ್ಷ ಹಿಡಿದಿತ್ತು.

ನಮ್ಮ ಕೈಗಾ ಬಗ್ಗೆನೂ ಒಂದು ಮಾತು. ಕೈಗಾ ಒಂದನೇ ಘಟಕ 2018ರ ಡಿಸೆಂಬರ್ 31ಕ್ಕೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು. ಓಡುವಾಗಲೇ ಇಂಧನ ಬದಲಿಸೋ ರಿಯಾಕ್ಟರ್ ಅದು, ಆದ್ದರಿಂದ ಸಾಧ್ಯ ಆಯ್ತು. ನಾನೂ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದೆ, ಕನ್ನಡಿಗರ ಹೆಮ್ಮೆ ಅಂತ. ನನ್ನ ಹೆಂಡತಿ ಓದಿ ಕೇಳಿದಳು: "ಎರಡೂವರೆ ವರ್ಷ ನಿಲ್ಲಿಸಲೇ ಇಲ್ಲ ಅಂದ್ರೆ, ನಿಂತಾಗ ಮಾತ್ರ ಮಾಡೋ ಪರೀಕ್ಷೆ ಯಾವಾಗ ಮಾಡಿದರು?" ಕೆಲವು ಪರೀಕ್ಷೆ ಓಡುವಾಗಲೇ ಮಾಡಬಹುದು, ಕೆಲವಕ್ಕೆ ನಿಲ್ಲಿಸಲೇಬೇಕು, ಯಾವುದನ್ನು ಎಷ್ಟು ದಿನ ಮುಂದೂಡಬಹುದು ಅಂತ ನಿಯಂತ್ರಕರು ನಿರ್ಧರಿಸ್ತಾರೆ ಅಂತ ವಿವರಿಸಿದೆ. "ಅದನ್ನೂ ಆ ಫಾರ್ವರ್ಡ್‌ನಲ್ಲಿ ಹಾಕಬೇಕಿತ್ತು" ಅಂದಳು. ಹೌದು, ಹಾಕಬೇಕಿತ್ತು.

ಆ ಕಾರ್ಖಾನೆಯ ಸ್ಕ್ರೀನ್ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ವಾಲ್ವ್ ಕೂತಿದ್ದನ್ನು ತಿಳಿಸೋ ಲಿಮಿಟ್ ಸ್ವಿಚ್ ಅದರಲ್ಲೇ ಇತ್ತು, ವೈರ್ ಪ್ಯಾನೆಲ್ ತನಕ ಬಂದೂ ಇತ್ತು, ನಾನು ಓದಿರಲಿಲ್ಲ ಅಷ್ಟೇ. ಓದೋ ಹಾಗೆ ಬದಲಿಸಿದೆ. ಆದೇಶ ಕಳಿಸಿದಾಗ ಹಳದಿ, ಮುಚ್ಚಿದ್ದು ಖಚಿತವಾದರೆ ಹಸಿರು, 30 ಸೆಕೆಂಡಿನಲ್ಲಿ ಖಚಿತವಾಗದಿದ್ದರೆ ಅಲಾರಂ. ಕಾಕಾಗೆ ತೋರಿಸಿದೆ. ನೋಡಿದರು, "ಬರಂ ಆಹೇ" ಅಂದರು. ಅಂದು, ಮತ್ತೆ ಕೆಳಗೆ ಹೋಗಿ ಪೈಪಿನ ಹತ್ತಿರ ಅಂಗೈ ಹಿಡಿದು ಬಂದರು.

ಚಹಾ ಬರೋಕೆ ಇನ್ನೂ ಹತ್ತು ನಿಮಿಷ ಇದೆ. ಪ್ರಶ್ನೆ ಇದ್ದರೆ ಕೇಳಿ.