ಚಾವಿ ಕೊಟ್ಟರೆ ಹಾಡುವ ಯಂತ್ರ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ಶಾಲೆಯ ಮುಖ್ಯಾಧ್ಯಾಪಕಿಯಾದವರು ಇಂಥ ಸಭೆಯಲ್ಲಿ ಶಾಲೆಯ ಇತಿಹಾಸವನ್ನು ಹೇಳುವುದು ವಾಡಿಕೆ. ಆ ಕಾರ್ಯವನ್ನು ನಮ್ಮ ಹಿರಿಯ ಗುರುಗಳು ನಮಗಿಂತ ಚೆನ್ನಾಗಿ ನೆರವೇರಿಸಿದ್ದಾರೆ. ಆದ್ದರಿಂದ ನಾವು ಈ ಮೇಜಿನ ಮೇಲಿರುವ ಕಪ್ಪು ಪೆಟ್ಟಿಗೆಯ ವಿಷಯವನ್ನಷ್ಟೇ ಹೇಳಲು ಅಪ್ಪಣೆ ಬೇಡುತ್ತೇವೆ. ಇದು ಗ್ರಾಮಫೋನು. ನಮ್ಮ ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಇದರ ಹೆಸರು 'ಹಾಡುವ ಪೆಟ್ಟಿಗೆ, ಒಂದು' ಎಂದಿದೆ. ಅದರ ಮುಂದೆ ಯಾರೋ ಹಿಂದಿನವರು 'ಬಂದ್ ಇದೆ' ಎಂದು ಬರೆದಿದ್ದಾರೆ.

ಕಳೆದ ವರ್ಷ ಶತಮಾನೋತ್ಸವದ ಸಿದ್ಧತೆಗಾಗಿ ಕೋಠಿಯನ್ನು ಸ್ವಚ್ಛಗೊಳಿಸುವಾಗ, ಮುರಿದ ಬೆಂಚುಗಳ ಜೊತೆಗೆ ಇದನ್ನೂ ಗುಜರಿಗೆ ಹಾಕಲು ನಾವೇ ಒಪ್ಪಿಗೆ ಕೊಟ್ಟಿದ್ದೆವು. ತಪ್ಪು ನಮ್ಮದೇ, ಅದನ್ನು ಮರೆಮಾಚುವುದಿಲ್ಲ. ಪೆಟ್ಟಿಗೆಯನ್ನು ಹೊರಗೆ ತಂದಿಟ್ಟಾಗ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಅದರ ಹಿಡಿಕೆಯನ್ನು ತಿರುಗಿಸಿ ನೋಡಿದಳು. ಅದು ಯಾವ ಬಿಗಿಯೂ ಇಲ್ಲದೆ ಗರಗರನೆ ತಿರುಗಿತು. ಅವಳು ನಮ್ಮತ್ತ ನೋಡಿ, "ಅಕ್ಕೋರೇ, ಇದರೊಳಗ ಏನು ಬಿಗಿಯಾಗಬೇಕಾಗಿತ್ರಿ?" ಎಂದು ಕೇಳಿದಳು. ನಾವು ಕನ್ನಡ ಸಾಹಿತ್ಯದಲ್ಲಿ ಎಂ.ಎ. ಮಾಡಿದವರು, ಉತ್ತರ ನಮಗೆ ತಿಳಿದಿರಲಿಲ್ಲ. "ನಾಳೆ ಹೇಳುತ್ತೇವೆ" ಎಂದೆವು. ಮಕ್ಕಳಿಗೆ ಒಮ್ಮೆ ನಾಳೆ ಎಂದ ಮೇಲೆ ಅದನ್ನು ಗುಜರಿಗೆ ಹಾಕುವುದು ಸಾಧ್ಯವಾಗಲಿಲ್ಲ.

ಅದೇ ವಾರ ಅವಳ ತಂದೆ ನಮ್ಮ ಕಚೇರಿಗೆ ಬಂದರು. ಅವರೂ ಈ ಶಾಲೆಯ ವಿದ್ಯಾರ್ಥಿಯೇ. ಮಗಳ ದಾಖಲೆಯನ್ನು ಕೇಳಿ ಅರ್ಜಿ ಕೊಟ್ಟರು. "ಅಕ್ಕೋರೇ, ಸಿಟ್ಟಾಗಬ್ಯಾಡ್ರಿ. ಕನ್ನಡದಾಗ ಸೈನ್ಸ್ ಕಲತು ಮುಂದ ಏನು ಮಾಡ್ತಾಳ್ರಿ?" ಎಂದರು. ನಮಗೆ ಸಿಟ್ಟು ಬರಲಿಲ್ಲ. ಆ ಪ್ರಶ್ನೆಯ ಹಿಂದೆ ತಂದೆಯೊಬ್ಬನ ಕಾಳಜಿಯಿತ್ತು. ಒಂದೇ ವಾರದಲ್ಲಿ ಒಂದೇ ಮನೆಯಿಂದ ಎರಡು ಪ್ರಶ್ನೆಗಳು ಬಂದವು. ಎರಡಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಮೊದಲನೆಯದನ್ನು ಬಿಡಿಸಿದರೆ ಎರಡನೆಯದಕ್ಕೂ ದಾರಿ ಕಂಡೀತು ಎಂದು ನಮಗೆ ತೋರಿತು.

ನಮ್ಮ ವಿಜ್ಞಾನದ ಗುರುಗಳು ಯಂತ್ರವನ್ನು ಸೊಲ್ಲಾಪುರದ ಒಬ್ಬ ವೃದ್ಧ ಗಡಿಯಾರ ರಿಪೇರಿಯವರ ಬಳಿಗೆ ಒಯ್ದರು. ಅವರು ಹಿಡಿಕೆಯನ್ನು ಒಮ್ಮೆ ತಿರುಗಿಸಿದೊಡನೆಯೇ, "ಸ್ಪ್ರಿಂಗಿನ ಒಳತುದಿ ಹರಿದಿದೆ" ಎಂದರಂತೆ. ಮರುವಾರ ಆರು ಮಕ್ಕಳನ್ನು ಕರೆದುಕೊಂಡು ನಾವೂ ಅಲ್ಲಿಗೆ ಹೋದೆವು. ಅಲ್ಲಿ ಕಂಡದ್ದನ್ನು ನಿಮ್ಮ ಮುಂದಿಡುತ್ತೇವೆ.

ತಟ್ಟೆಯ ಕೆಳಗೆ ಉಕ್ಕಿನ ಒಂದು ದುಂಡನೆಯ ಡಬ್ಬಿ ಇದೆ. ಅದರೊಳಗೆ ಒಂದು ಅಂಗುಲ ಅಗಲದ, ಬಿಚ್ಚಿ ಅಳೆದರೆ ಸುಮಾರು 13 ಅಡಿ ಉದ್ದದ ಉಕ್ಕಿನ ಪಟ್ಟಿ ಸುರುಳಿಯಾಗಿ ಕುಳಿತಿದೆ. ಪಟ್ಟಿಯ ಹೊರತುದಿ ಡಬ್ಬಿಯ ಗೋಡೆಗೂ ಒಳತುದಿ ನಡುವಿನ ಅಚ್ಚಿನ ಕೊಕ್ಕೆಗೂ ಸಿಕ್ಕಿಕೊಂಡಿರುತ್ತವೆ. ನಾವು ಹಿಡಿಕೆ ತಿರುಗಿಸಿದಂತೆ ಪಟ್ಟಿ ಅಚ್ಚಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ನಮ್ಮ ತೋಳಿನ ದುಡಿಮೆ ಹೀಗೆ ಉಕ್ಕಿನಲ್ಲಿ ಪ್ರಚ್ಛನ್ನ ಶಕ್ತಿಯಾಗಿ ನಿಲ್ಲುತ್ತದೆ. ಹಿಡಿಕೆ ಬಿಟ್ಟಾಗ ಅದು ಹಿಂದಕ್ಕೆ ತಿರುಗದಂತೆ ಹಲ್ಲುಗಾಲಿಯೊಂದಕ್ಕೆ ಸಣ್ಣ ನಾಲಗೆ ಅಡ್ಡ ಬೀಳುತ್ತದೆ. ಚಾವಿ ಕೊಡುವಾಗ ಕೇಳುವ 'ಟಕ್ ಟಕ್' ಸದ್ದು ಆ ನಾಲಗೆಯದು. ನಮ್ಮ ಯಂತ್ರದಲ್ಲಿ ಒಳತುದಿಯ ತೂತು ಹರಿದು ಪಟ್ಟಿ ಕೊಕ್ಕೆಯಿಂದ ಕಳಚಿತ್ತು. ಆದ್ದರಿಂದಲೇ ಹಿಡಿಕೆ ಬರಿದೇ ತಿರುಗುತ್ತಿತ್ತು. ಆ ಹಿರಿಯರು ಹರಿದ ತುದಿಯನ್ನು ಕತ್ತರಿಸಿ, ಅಷ್ಟೇ ಭಾಗವನ್ನು ಕೆಂಪಗೆ ಕಾಯಿಸಿ ಮೆತ್ತಗಾಗಿಸಿ, ಹೊಸ ತೂತು ಕೊರೆದರು. ಬಿಗಿದ ಸ್ಪ್ರಿಂಗಿರುವ ಡಬ್ಬಿಯನ್ನು ಎಂದಿಗೂ ತೆರೆಯಬಾರದು, ಅದು ಕೈಯನ್ನು ಸೀಳಿಬಿಡುತ್ತದೆ ಎಂದು ಮಕ್ಕಳಿಗೆ ಮೂರು ಸಲ ಹೇಳಿದರು. ಒಳಗೆ ಹೊಸ ಗ್ರೀಸು ತುಂಬಿದರು. ಹಳೆಯ ಗ್ರೀಸು ಒಣಗಿದ್ದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿ, ಬಿಚ್ಚುವಾಗ 'ಧಡ್' ಎಂದು ಜಿಗಿಯುತ್ತವೆ. ಆಗ ಹಾಡೂ ನಡುಗುತ್ತದೆ.

ಇಲ್ಲಿಯವರೆಗಿನದು ಗಡಿಯಾರಕ್ಕೂ ಸಲ್ಲುವ ಮಾತು. ಆದರೆ ಗಡಿಯಾರ ತಡೆತಡೆದು ನಡೆಯುವ ಯಂತ್ರ. ಒಂದು ಹಲ್ಲು ಮುಂದೆ ಹೋಗಿ ನಿಂತು, ಮತ್ತೆ ಒಂದು ಹಲ್ಲು ಹೋಗುತ್ತದೆ. ಸಂಗೀತಕ್ಕೆ ಆ ನಡಿಗೆ ಒಗ್ಗದು. ತಟ್ಟೆ ನಿಲ್ಲದೆ ಒಂದೇ ವೇಗದಲ್ಲಿ ತಿರುಗಬೇಕು. ವೇಗ ಏರಿದರೆ ಸ್ವರ ಏರುತ್ತದೆ, ಇಳಿದರೆ ಸ್ವರ ಇಳಿಯುತ್ತದೆ. ಸ್ಪ್ರಿಂಗಿನ ಗುಣವೋ ಇದಕ್ಕೆ ವಿರುದ್ಧ. ಬಿಗಿಯಾಗಿದ್ದಾಗ ಅದರ ಬಲ ಹೆಚ್ಚು, ಬಿಚ್ಚುತ್ತ ಹೋದಂತೆ ಬಲ ಕಡಿಮೆ. ಬಲ ಇಳಿಯುತ್ತಿದ್ದರೂ ವೇಗ ಇಳಿಯದಂತೆ ಮಾಡುವುದು ಹೇಗೆ?

ಇದೇ ತೊಡಕು ಈ ಯಂತ್ರವನ್ನು ಹಲವು ವರ್ಷ ಆಟಿಕೆಯಾಗಿ ಉಳಿಸಿತ್ತು. 1877ರಲ್ಲಿ ಥಾಮಸ್ ಎಡಿಸನ್ ಅವರು ತವರದ ತೆಳುಹಾಳೆಯ ಮೇಲೆ ಧ್ವನಿಯನ್ನು ಹಿಡಿದಾಗ ಉರುಳೆಯನ್ನು ಕೈಯಿಂದಲೇ ತಿರುಗಿಸಬೇಕಾಗಿತ್ತು. 1887ರಲ್ಲಿ ಎಮಿಲ್ ಬರ್ಲಿನರ್ ಅವರು ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ರೂಪಿಸಿದರು. ಮೊದಮೊದಲು ಅದನ್ನೂ ಕೈಯಿಂದಲೇ ತಿರುಗಿಸುತ್ತಿದ್ದರು. ಕೈ ದಣಿದರೆ ಹಾಡುಗಾರನೂ ದಣಿದಂತೆ ಕೇಳುತ್ತಿತ್ತು. ಬ್ಯಾಟರಿಯಿಂದ ನಡೆಯುವ ಯಂತ್ರಗಳಿದ್ದವು. ಅವು ಭಾರವಾದವು, ದುಬಾರಿಯಾದವು. 1896ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡನ್ ಊರಿನಲ್ಲಿ ಸಣ್ಣ ಯಂತ್ರಶಾಲೆ ಇಟ್ಟುಕೊಂಡಿದ್ದ ಎಲ್ಡ್ರಿಜ್ ಜಾನ್ಸನ್ ಎಂಬವರು ಬರ್ಲಿನರ್ ಅವರ ಗ್ರಾಮಫೋನಿಗೆ ಒಪ್ಪುವ ಸ್ಪ್ರಿಂಗ್ ಮೋಟಾರನ್ನು ಸಿದ್ಧಗೊಳಿಸಿದರು. ಗ್ರಾಮಫೋನು ಮನೆಮನೆಗೆ ಹೋದದ್ದು ಆ ಬಳಿಕ. 1901ರಲ್ಲಿ ಅವರೇ ವಿಕ್ಟರ್ ಕಂಪನಿಯನ್ನು ಸ್ಥಾಪಿಸಿದರು.

ವೇಗವನ್ನು ಸಮನಾಗಿಡುವ ಉಪಾಯ ಈ ಡಬ್ಬಿಯ ಪಕ್ಕದಲ್ಲಿಯೇ ಇದೆ. ಅದಕ್ಕೆ ಗವರ್ನರ್ ಎನ್ನುತ್ತಾರೆ. ತೆಳುವಾದ ಒಂದು ಅಚ್ಚು. ಅದರ ಸುತ್ತ ಮೂರು ತೆಳು ಪಟ್ಟಿಗಳು. ಪ್ರತಿ ಪಟ್ಟಿಯ ನಡುವೆ ಸೀಸದಂಥ ಒಂದೊಂದು ಗುಂಡು. ಈ ಅಚ್ಚು ತಟ್ಟೆಗಿಂತ ಎಷ್ಟೋ ಪಟ್ಟು ವೇಗವಾಗಿ ತಿರುಗುತ್ತದೆ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಸಿಡಿಯಲು ನೋಡುತ್ತವೆ. ಆಗ ಪಟ್ಟಿಗಳು ಬಾಗಿ, ಅಚ್ಚಿನ ಮೇಲಿರುವ ಬಿಲ್ಲೆಯೊಂದನ್ನು ಎಳೆಯುತ್ತವೆ. ಬಿಲ್ಲೆ ಒಂದು ಚರ್ಮದ ತುಂಡಿಗೆ ಉಜ್ಜುತ್ತದೆ. ಉಜ್ಜಿದೊಡನೆ ವೇಗ ತಗ್ಗುತ್ತದೆ. ತಗ್ಗಿದೊಡನೆ ಗುಂಡುಗಳು ಒಳಕ್ಕೆ ಬರುತ್ತವೆ, ಉಜ್ಜುವಿಕೆ ಸಡಿಲವಾಗುತ್ತದೆ. ಬಾಲಭಾರತಿಯ ನಮ್ಮ ಕನ್ನಡ ಪುಸ್ತಕಗಳಲ್ಲಿ ಮಕ್ಕಳು ಬಾಯಿಪಾಠ ಮಾಡುವ ಘರ್ಷಣೆ, ಸ್ಥಿತಿಸ್ಥಾಪಕತ್ವ, ಚಲನ ಶಕ್ತಿ ಎಂಬ ಮಾತುಗಳೆಲ್ಲ ಒಂದು ಅಂಗೈಯಗಲದ ಜಾಗದಲ್ಲಿ ಕಣ್ಣೆದುರು ದುಡಿಯುತ್ತಿದ್ದವು. ಸ್ಪ್ರಿಂಗು ಮೊದಲಿನಿಂದಲೇ ಬೇಕಾದುದಕ್ಕಿಂತ ಹೆಚ್ಚು ಬಲ ಕೊಡುತ್ತದೆ; ಹೆಚ್ಚಿನದನ್ನು ಗವರ್ನರ್ ಉಜ್ಜಿ ಕಳೆಯುತ್ತದೆ. ಆದ್ದರಿಂದ ಬಲ ಇಳಿಯುತ್ತ ಬಂದರೂ ಹಾಡು ಮುಗಿಯುವ ತನಕ ವೇಗ ಇಳಿಯದು.

ಶಾಲೆಗೆ ಮರಳಿದ ಮೇಲೆ ಮಕ್ಕಳು ಇದನ್ನು ಪರೀಕ್ಷಿಸಿ ನೋಡಿದರು. ತಟ್ಟೆಯ ಅಂಚಿಗೆ ಬಿಳಿ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ಹಿಡಿದು ಸುತ್ತುಗಳನ್ನು ಎಣಿಸಿದರು. ಮೊದಲ ಸಲ ನಿಮಿಷಕ್ಕೆ 71 ಸುತ್ತು ಬಂತು. ವೇಗದ ಸಣ್ಣ ಕಡ್ಡಿಯನ್ನು ಸರಿಸುತ್ತ 78ಕ್ಕೆ ತಂದರು. ಚಾವಿ ಪೂರ್ತಿ ಕೊಟ್ಟಾಗ ಮೊದಲ ನಿಮಿಷ 78, ಎರಡನೆಯದು 78, ಮೂರನೆಯದೂ 78. ಮೂರು ನಿಮಿಷಕ್ಕೆ 234 ಸುತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನ ಹಾಡು ಹೆಚ್ಚುಕಡಿಮೆ ಅಷ್ಟೇ.

ಆ ಮೂರು ನಿಮಿಷಗಳು ನಮ್ಮ ಸಂಗೀತದ ಚರಿತ್ರೆಯನ್ನೂ ತಿದ್ದಿವೆ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಅವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಗಂಟೆಗಟ್ಟಲೆ ಹಾಡುತ್ತಿದ್ದವರು ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ನಮ್ಮ ಸೀಮೆಗೆ ಹತ್ತಿರದವರೇ ಆದ ಬೀಳಗಿಯ ಅಮೀರಬಾಯಿ ಕರ್ನಾಟಕಿ, ಧಾರವಾಡದ ಮಲ್ಲಿಕಾರ್ಜುನ ಮನ್ಸೂರ್, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಇವರ ಕಂಠಗಳೂ ಇಂಥ ತಟ್ಟೆಗಳ ಮೇಲೆಯೇ ಊರೂರಿಗೆ ಹೋದವು. ವಿದ್ಯುತ್ತು ಬರದ ಹಳ್ಳಿಗಳಲ್ಲೂ ಅವು ಕೇಳಿಸಿದವು. ಯಂತ್ರಕ್ಕೆ ಬೇಕಾಗಿದ್ದುದು ಒಂದು ಕೈ ಮಾತ್ರ.

ಇನ್ನೊಂದು ಯಂತ್ರದ ಮಾತನ್ನೂ ಹೇಳಬೇಕು. 1889ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಲೂಯಿ ಗ್ಲಾಸ್ ಎಂಬವರು ನಾಣ್ಯ ಹಾಕಿದರೆ ಹಾಡುವ ಯಂತ್ರವನ್ನು ಇಟ್ಟರು. ಅದಕ್ಕೆ ಬ್ಯಾಟರಿ ಬೇಕಾಗಿತ್ತು. 1906ರಲ್ಲಿ ಶಿಕಾಗೋದ ಜಾನ್ ಗೇಬಲ್ ಅವರು ತಂದ ಸ್ವಯಂಚಾಲಿತ ಯಂತ್ರದಲ್ಲಿ 24 ತಟ್ಟೆಗಳಿದ್ದವು. ಕೇಳುಗನು ಬೇಕಾದ ಹಾಡನ್ನು ಆರಿಸಿ, ನಾಣ್ಯ ಹಾಕಿ, ಹಿಡಿಕೆ ತಿರುಗಿಸಬೇಕು. ತಟ್ಟೆ ತಾನೇ ಬಂದು ಕೂರುತ್ತಿತ್ತು. ಪ್ರತಿ ಹಾಡಿಗೂ ಸೂಜಿ ತಾನೇ ಬದಲಾಗುತ್ತಿತ್ತು. ಎಲ್ಲವೂ ತಾನಾಗಿಯೇ ನಡೆಯುತ್ತದೆ ಎಂದು ಹೆಸರಾದ ಆ ಯಂತ್ರದಲ್ಲಿಯೂ ಚಾವಿಯನ್ನು ಮಾತ್ರ ಕೇಳುಗನೇ ಕೊಡಬೇಕಾಗಿತ್ತು. ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ, "ಹಂಗಾದ್ರ ಅದು ತಾನಾಗಿ ನಡಿಯೂದಿಲ್ಲಲ್ರಿ" ಎಂದ. ಅವನ ಮಾತು ಸರಿ.

ನಮ್ಮ ಶಾಲೆಯೂ ನೂರು ವರ್ಷ ತಾನಾಗಿ ನಡೆದುದಲ್ಲ. ಯಾರೋ ಜಾಗ ಕೊಟ್ಟರು, ಯಾರೋ ಜೋಳ ಕೊಟ್ಟರು, ಯಾರೋ ಸಂಬಳವಿಲ್ಲದೆ ಕಲಿಸಿದರು. ಆ ಬಿಗಿಯಲ್ಲಿಯೇ ನಾವು ಇಷ್ಟು ಕಾಲ ಓಡಿದ್ದೇವೆ. ಹಾಡು ಒಂದೇ ವೇಗದಲ್ಲಿ ಕೇಳುತ್ತಿರುವುದರಿಂದ ಒಳಗೆ ಸುರುಳಿ ಎಷ್ಟು ಸಡಿಲವಾಗಿದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ; ಪ್ರತಿ ಜೂನಿನಲ್ಲಿ ಹಾಜರಿ ಪುಸ್ತಕ ತೆರೆದಾಗ ತಿಳಿಯುತ್ತದೆ. ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಕಳುಹಿಸಿದ ಪಾಲಕರನ್ನು ನಾವು ದೂರುವುದಿಲ್ಲ. ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುತ್ತೇವೆ ಎನ್ನುತ್ತ ಎಷ್ಟೋ ವರ್ಷ ಕನ್ನಡದ ಶಬ್ದಗಳನ್ನಷ್ಟೇ ಬಾಯಿಪಾಠ ಮಾಡಿಸಿದೆವು. ಆ ಹೊಣೆ ನಮ್ಮದು.

ಈ ಬೆಳಿಗ್ಗೆ ವಿಜ್ಞಾನ ಪ್ರದರ್ಶನದಲ್ಲಿ ಆ ಹುಡುಗಿ ಯಂತ್ರದ ಪಕ್ಕದಲ್ಲಿ ನಿಂತು ಗವರ್ನರ್ ಹೇಗೆ ದುಡಿಯುತ್ತದೆ ಎಂಬುದನ್ನು ಬಂದವರಿಗೆಲ್ಲ ವಿವರಿಸಿದಳು. ಕೆಲವರಿಗೆ ಮರಾಠಿಯಲ್ಲಿಯೂ ಹೇಳಿದಳು. ಕನ್ನಡದಲ್ಲಿ ಗಟ್ಟಿಯಾಗಿ ತಿಳಿದುಕೊಂಡದ್ದನ್ನು ಇನ್ನೊಂದು ನುಡಿಯಲ್ಲಿ ಹೇಳಲು ಅವಳಿಗೆ ಅರ್ಧ ದಿನದ ಅಭ್ಯಾಸ ಸಾಕಾಯಿತು. ಇಂಗ್ಲಿಷಿಗೂ ಅಷ್ಟೇ, ಸ್ವಲ್ಪ ಹೆಚ್ಚು ದಿನ ಬೇಕಾದೀತು. ಅದನ್ನು ಚೆನ್ನಾಗಿ ಕಲಿಸುವುದೂ ನಮ್ಮ ಕೆಲಸವೇ. ಅವಳ ತಂದೆಯೂ ಬಂದು ಹಿಂದಿನ ಸಾಲಿನಲ್ಲಿ ನಿಂತು ಕೇಳಿದರು, ಏನೂ ಹೇಳಲಿಲ್ಲ. ಅವರ ಅರ್ಜಿ ಇನ್ನೂ ನಮ್ಮ ಮೇಜಿನ ಖಾನೆಯಲ್ಲಿದೆ. ಅವರು ಬೇಡಿದ ದಿನ ದಾಖಲೆಯನ್ನು ಸಂತೋಷದಿಂದಲೇ ಕೊಡುತ್ತೇವೆ. ಬೇಡದಿದ್ದರೆ ಇನ್ನೂ ಸಂತೋಷ.

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮಲ್ಲಿ ಗಿರಣಿಯಲ್ಲಿ ದುಡಿದವರಿದ್ದೀರಿ, ಎಂಜಿನಿಯರುಗಳಿದ್ದೀರಿ, ಪಂಪ್‌ಸೆಟ್ ದುರಸ್ತಿ ಮಾಡುವವರಿದ್ದೀರಿ, ದವಾಖಾನೆಗಳಲ್ಲಿ ಇರುವವರಿದ್ದೀರಿ. ದೇಣಿಗೆಯನ್ನು ಕೊಟ್ಟಿದ್ದೀರಿ, ಅದಕ್ಕೆ ಋಣಿಗಳಾಗಿದ್ದೇವೆ. ಅದರ ಜೊತೆಗೆ ವರ್ಷಕ್ಕೆ ಒಂದು ದಿನ ಬನ್ನಿ. ನಿಮ್ಮ ಕಸುಬಿನ ಒಂದು ಯಂತ್ರವನ್ನೋ ಸಲಕರಣೆಯನ್ನೋ ಮಕ್ಕಳ ಮುಂದೆ ಬಿಚ್ಚಿ, ನಮ್ಮ ಮಾತಿನಲ್ಲಿ ಅದರ ಕೆಲಸವನ್ನು ತಿಳಿಸಿರಿ. ಮನೆಯ ಅಟ್ಟದಲ್ಲಿ ಹಳೆಯ ತಟ್ಟೆಗಳಿದ್ದರೆ ಶಾಲೆಗೆ ತನ್ನಿರಿ. ಒಂದು ಸೂಚನೆ, ಪ್ರತಿ ಮಗ್ಗುಲಿಗೂ ಹೊಸ ಸೂಜಿ ಹಾಕಬೇಕು, ಹಳೆಯ ಸೂಜಿ ತಟ್ಟೆಯನ್ನು ಕೊರೆಯುತ್ತದೆ.

ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ 'ಬಂದ್ ಇದೆ' ಎಂಬ ಮಾತನ್ನು ನಾವು ಹೊಡೆದುಹಾಕಿ, ಪಕ್ಕದಲ್ಲಿ 'ನಡೆಯುತ್ತದೆ' ಎಂದು ಬರೆದು ಸಹಿ ಮಾಡಿದ್ದೇವೆ. ಈಗ ಮಕ್ಕಳು ಯಂತ್ರಕ್ಕೆ ಚಾವಿ ಕೊಡುತ್ತಾರೆ. ದಯವಿಟ್ಟು ಮೂರು ನಿಮಿಷ ಶಾಂತರಾಗಿ ಕೇಳಬೇಕೆಂದು ಪ್ರಾರ್ಥಿಸುತ್ತೇವೆ.