ಮೂತ್ರಪಿಂಡದ ಕಾಯಿಲೆ: ಊಟ ಮತ್ತು ನಡಿಗೆ



ನಾನು ವೈದ್ಯನಲ್ಲ, ಬಂದ್ಯೋಡಿನ ಅಂಗಡಿಕಾರ. ಕಿಡ್ನಿ ಸೋತವರ ಮೈಯೊಳಗೆ ಕಬ್ಬಿಣಕ್ಕೆ ತುಕ್ಕು ಹಿಡಿದಂಥ ಹಾನಿ ಹೆಚ್ಚುತ್ತದೆ; ಉಪ್ಪು ಕಡಿಮೆ ಮಾಡಿ, ಶಕ್ತಿಯಿದ್ದಷ್ಟು ದಿನವೂ ನಡೆಯಬೇಕು ಎನ್ನುತ್ತಾರೆ ಡಾಕ್ಟರರು. ದೇವಳಕ್ಕೆ ರಿಕ್ಷಾ ಬಿಟ್ಟು ನಡೆದು ಬಂದರೂ ಆಯಿತು.

ಆದರೆ ಒಳ್ಳೆಯದೆಂದು ಸೇವಿಸುವುದೇ ಕೆಲವೊಮ್ಮೆ ವಿಷ. ಕೊಲೆಸ್ಟರಾಲಿಗೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ 10 ಮಂದಿಯ ವಿಷಯವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. 'ಸೋಡಿಯಂ ಕಡಿಮೆ' ಉಪ್ಪನ್ನು ಒಬ್ಬ ರೋಗಿಯ ಮನೆಗೆ ನಾನೇ ಹೊಗಳಿ ಮಾರಿದ್ದೆ. ಅದರಲ್ಲಿರುವುದು ಪೊಟ್ಯಾಸಿಯಂ, ಸೀಯಾಳ, ಬಾಳೆಹಣ್ಣಿನಲ್ಲಿಯೂ ಅದೇ. ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು.

ಡಾಕ್ಟರರು ಬೇಡವೆಂದಿದ್ದರೆ ಪ್ರಸಾದದ ಬಾಳೆಹಣ್ಣನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ, ದೇವರು ಮುನಿಯುವುದಿಲ್ಲ. ಅನ್ನಸಂತರ್ಪಣೆಯಲ್ಲಿ ಉಪ್ಪಿನಕಾಯಿ ಬೇಡವೆಂದವರನ್ನು ಬಡಿಸುವವರು ಒತ್ತಾಯಿಸಬಾರದಾಗಿ ವಿನಂತಿ.